ಚೌಕಳಿಯೊಳಗಣ ಚೌಕಳಿ: ಸ್ಥಳಸೂಚಕ ಸಂಖ್ಯೆಗಳ ಲೆಕ್ಕವೂ ಪೈಥಾನ್ ಭಾಷೆಯೂ

ಜಮೀನಿನ ಗುರುತೆಂದರೆ ಸರ್ವೆ ನಂಬರು, ಹಿಸ್ಸಾ ನಂಬರು ಮತ್ತು ನಾಲ್ಕು ದಿಕ್ಕಿನ ಚಕ್ಕುಬಂದಿ ಎಂಬುದು ರೈತಾಪಿ ಜನರಲ್ಲಿ ತಲೆತಲಾಂತರದಿಂದ ಬಂದಿರುವ ರೂಢಿ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಮತ್ತೊಂದು ಬಗೆಯ ಗುರುತು ಗ್ರಾಮಗಳಿಗೆ ಬಂದಿರುತ್ತದೆ. ಮಣ್ಣಿನ ಮಾದರಿಯನ್ನು ತೆಗೆದ ಸ್ಥಳ, ಕೊಳವೆಬಾವಿಯ ಸ್ಥಳ, ತೋಟದ ಮನೆಯ ವಿಳಾಸ ಮುಂತಾದುವುಗಳನ್ನು ಅಕ್ಷಾಂಶ ರೇಖಾಂಶಗಳಿಂದಲೂ, ಅವುಗಳಿಂದ ಹುಟ್ಟಿದ ಸಂಕ್ಷೇಪ ಸಂಖ್ಯೆಗಳಿಂದಲೂ ಬರೆದಿಡುವುದು ವಾಡಿಕೆಯಾಗುತ್ತಲಿದೆ. ಈ ಸಂಖ್ಯೆಗಳನ್ನು ಗಣಕಯಂತ್ರವು ಕ್ಷಣಮಾತ್ರದಲ್ಲಿ ಕಟ್ಟಿಕೊಡುವುದರಿಂದ ಅವು ಎಂದಿಗೂ ತಪ್ಪಲಾರವೆಂಬ ಭಾವನೆ ಅನೇಕರಲ್ಲಿ ನೆಲೆಸಿದೆ. ಯಂತ್ರವು ಭಾಗಾಕಾರದಲ್ಲಿ ತಪ್ಪುವುದು ಅಪರೂಪವೆಂಬುದು ನಿಜ. ಆದರೆ ಎಣಿಕೆಯನ್ನು ಎಲ್ಲಿಂದ ಆರಂಭಿಸಬೇಕು, ಯಾವ ದಿಕ್ಕಿಗೆ ಸಾಗಿಸಬೇಕು, ಮನೆಗಳಿಗೆ ಯಾವ ಕ್ರಮದಲ್ಲಿ ಹೆಸರಿಡಬೇಕು ಎಂಬುದನ್ನು ಯಂತ್ರಕ್ಕೆ ಹೇಳಿಕೊಡುವವನು ಮನುಷ್ಯನೇ. ಈ ಮೂರರಲ್ಲಿ ಒಂದು ತಪ್ಪಿದರೂ ಒಬ್ಬರ ಹೊಲದ ಮಣ್ಣಿನ ಫಲಿತಾಂಶವು ಮತ್ತೊಬ್ಬರ ಹೆಸರಿಗೆ ಸೇರುವುದು.

ಆದುದರಿಂದ ಗ್ರಾಮದ ಮುಖಂಡರೂ ಹಿಡುವಳಿದಾರರೂ ಯಂತ್ರದ ಭಾಷೆಯನ್ನು ಕಲಿಯದಿದ್ದರೂ ಈ ಲೆಕ್ಕದ ತತ್ತ್ವವನ್ನು ಅರಿತಿರುವುದು ಹಿತಕರ. ತತ್ತ್ವವು ಸುಲಭವಾದುದು. ಭಾಗಲಬ್ಧ ಮತ್ತು ಶೇಷ ಎಂಬ ಎರಡನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಎಕರೆ, ಗುಂಟೆ, ಆಣೆಗಳ ಲೆಕ್ಕ

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ. ಹೀಗೆ ಒಂದು ಎಕರೆಗೆ 640 ಆಣೆಗಳಾಗುವುವು. ಒಂದು ಜಮೀನು ಒಟ್ಟು 1500 ಆಣೆ ವಿಸ್ತೀರ್ಣವುಳ್ಳದ್ದೆಂದು ಇಟ್ಟುಕೊಂಡರೆ, ಅದನ್ನು ಪಹಣಿಯ ರೀತಿಯಲ್ಲಿ ಬರೆಯುವುದು ಹೇಗೆ? 1500ನ್ನು 640ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 220. ಆ ಶೇಷವನ್ನು 16ರಿಂದ ಭಾಗಿಸಿದರೆ ಭಾಗಲಬ್ಧ 13, ಶೇಷ 12. ಆದುದರಿಂದ ವಿಸ್ತೀರ್ಣವು 2 ಎಕರೆ 13 ಗುಂಟೆ 12 ಆಣೆ.

ಇಲ್ಲಿ ನಡೆದುದೇನೆಂಬುದನ್ನು ಗಮನಿಸತಕ್ಕದ್ದು. ದೊಡ್ಡ ಅಳತೆಯಿಂದ ಭಾಗಿಸಿದಾಗ ದೊರೆತ ಭಾಗಲಬ್ಧವು ದೊಡ್ಡ ಮಾನವನ್ನು ಹೇಳಿತು. ಉಳಿದ ಶೇಷವು ವ್ಯರ್ಥವಾಗದೆ ಅದರ ಒಳಗಣ ಚಿಕ್ಕ ಮಾನಕ್ಕೆ ಇಳಿದು ಬಂದಿತು. ಚೌಕಳಿಯೊಳಗೆ ಚೌಕಳಿ, ಅದರೊಳಗೆ ಮತ್ತೊಂದು ಚೌಕಳಿ ಎಂಬಂತೆ ಭೂಮಿಯನ್ನು ವಿಂಗಡಿಸಿ ಸಂಖ್ಯೆ ಕೊಡುವ ಸಮಸ್ತ ಪದ್ಧತಿಗಳೂ ಈ ಒಂದು ಕ್ರಮದ ಮೇಲೆಯೇ ನಿಂತಿವೆ. ವ್ಯತ್ಯಾಸವಿಷ್ಟೆ: ವಿಸ್ತೀರ್ಣಕ್ಕೆ ಒಂದು ಸಲ ಮಾಡುವ ಭಾಗಾಕಾರವನ್ನು ಸ್ಥಳಕ್ಕೆ ಎರಡು ಸಲ ಮಾಡಬೇಕು, ಉತ್ತರ ದಕ್ಷಿಣವಾಗಿ ಒಂದು, ಪೂರ್ವ ಪಶ್ಚಿಮವಾಗಿ ಇನ್ನೊಂದು.

ತೆಂಗಿನ ತೋಟದ ಉದಾಹರಣೆ

ಒಂದು ತೆಂಗಿನ ತೋಟದಲ್ಲಿ 30 ಅಡಿ ಅಂತರದಲ್ಲಿ ಅಡ್ಡಕ್ಕೆ 24, ಉದ್ದಕ್ಕೆ 24 ಮರಗಳಿವೆಯೆಂದು ಭಾವಿಸಬಹುದು. ಒಟ್ಟು ಮರಗಳು 576. ವಿಸ್ತೀರ್ಣವು ಸುಮಾರು 12 ಎಕರೆ. ನೀರು, ಗೊಬ್ಬರ ಮತ್ತು ಆಳುಗಳ ಅನುಕೂಲಕ್ಕಾಗಿ ಈ ತೋಟವನ್ನು 6 ಮರಕ್ಕೆ 6 ಮರದಂತೆ ತಾಕುಗಳಾಗಿ ವಿಂಗಡಿಸಿದರೆ, ಅಡ್ಡಕ್ಕೆ 4, ಉದ್ದಕ್ಕೆ 4, ಒಟ್ಟು 16 ತಾಕುಗಳಾಗುವುವು. ಇಡೀ ತೋಟವು ಹೊರಚೌಕಳಿ; ಪ್ರತಿಯೊಂದು ತಾಕೂ ಒಳಚೌಕಳಿ. ಪೂರ್ವ ಪಶ್ಚಿಮವಾಗಿ ಸಾಗುವುದನ್ನು ಅಡ್ಡಸಾಲೆಂದೂ, ಉತ್ತರ ದಕ್ಷಿಣವಾಗಿ ಇಳಿಯುವುದನ್ನು ಕಂಬಸಾಲೆಂದೂ ಕರೆಯಲಾಗಿದೆ. ಎಣಿಕೆಯು ತೋಟದ ವಾಯವ್ಯ ಮೂಲೆಯಿಂದ ಆರಂಭವಾಗುವುದು.

ತೋಟವನ್ನು ಸುತ್ತಿ ನೋಡಿದವನು, 18ನೆಯ ಅಡ್ಡಸಾಲಿನಲ್ಲಿ 10ನೆಯ ಮರಕ್ಕೆ ಕಾಂಡ ಸೋರುವ ರೋಗ ತಗುಲಿದೆಯೆಂದು ಬರೆದುಕೊಂಡು ಬಂದನೆಂದು ತಿಳಿಯಬೇಕು. ಆ ಮರವು ಯಾವ ತಾಕಿಗೆ ಸೇರಿದುದು, ಆ ತಾಕಿನೊಳಗೆ ಎಷ್ಟನೆಯದು ಎಂಬುದು ಪ್ರಶ್ನೆ.

ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವುದು ಈ ಲೆಕ್ಕದ ಮೊದಲನೆಯ ಕಟ್ಟಳೆ. ಒಂದರಿಂದ ಎಣಿಸಿದ ಸಂಖ್ಯೆಯಲ್ಲಿ ಒಂದನ್ನು ಕಳೆದರೆ, ಆ ಸಾಲಿಗೆ ಮುಂಚೆ ಎಷ್ಟು ಸಾಲುಗಳು ಕಳೆದುಹೋದುವೆಂಬುದು ದೊರೆಯುವುದು. 18ನೆಯ ಸಾಲಿಗೆ ಮುಂಚೆ 17 ಸಾಲುಗಳು, 10ನೆಯ ಮರಕ್ಕೆ ಮುಂಚೆ 9 ಮರಗಳು. 17ನ್ನು 6ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 5. 9ನ್ನು 6ರಿಂದ ಭಾಗಿಸಿದರೆ ಭಾಗಲಬ್ಧ 1, ಶೇಷ 3. ಎಂದರೆ, ಉತ್ತರದಿಂದ ಎರಡು ತಾಕುಗಳೂ ಪಶ್ಚಿಮದಿಂದ ಒಂದು ತಾಕೂ ಪೂರ್ಣವಾಗಿ ಕಳೆದಿವೆ. ಆದುದರಿಂದ ಮರವಿರುವುದು ಉತ್ತರದಿಂದ ಮೂರನೆಯ, ಪಶ್ಚಿಮದಿಂದ ಎರಡನೆಯ ತಾಕಿನಲ್ಲಿ. ಆ ತಾಕಿನೊಳಗೆ ಆರನೆಯ ಅಡ್ಡಸಾಲಿನ ನಾಲ್ಕನೆಯ ಮರ.

ಒಂದನ್ನು ಕಳೆಯುವುದನ್ನು ಮರೆತರೆ ಆಗುವ ಅನರ್ಥವನ್ನೂ ನೋಡಬೇಕು. 18ನ್ನು 6ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 0. 10ನ್ನು ಭಾಗಿಸಿದರೆ ಭಾಗಲಬ್ಧ 1, ಶೇಷ 4. ಇವುಗಳಿಗೆ ಕೊನೆಯಲ್ಲಿ ಒಂದೊಂದನ್ನು ಸೇರಿಸಿ ಆಳಿಗೆ ಹೇಳಿದರೆ, ಅವನು ಉತ್ತರದಿಂದ ನಾಲ್ಕನೆಯ ತಾಕಿನ ಮೊದಲನೆಯ ಸಾಲಿನಲ್ಲಿ ಐದನೆಯ ಮರದ ಮುಂದೆ ಹೋಗಿ ನಿಲ್ಲುವನು. ಅದು ಮೂಲದಲ್ಲಿ 19ನೆಯ ಸಾಲಿನ 11ನೆಯ ಮರ. ರೋಗದ ಮರಕ್ಕೆ ಮೂಲೆಯಾಗಿ ನಿಂತಿರುವ ಆರೋಗ್ಯವಂತ ಮರ. ಅದರ ಕಾಂಡವನ್ನು ಕೆತ್ತಿ ಬೋರ್ಡೋ ಮುಲಾಮನ್ನು ಹಚ್ಚಿದಲ್ಲಿ ಒಳ್ಳೆಯ ಮರಕ್ಕೆ ಗಾಯವಾಗುವುದು. ರೋಗದ ಮರವು ಔಷಧವಿಲ್ಲದೆ ಉಳಿಯುವುದು. ಲೆಕ್ಕದಲ್ಲಿ ಒಂದೇ ಒಂದು ಅಂಕೆ ತಪ್ಪಿದುದರ ಫಲವಿದು.

ಪೈಥಾನ್ ಭಾಷೆಯಲ್ಲಿ ಇದನ್ನು ಬರೆಯುವ ಕ್ರಮ

ಪೈಥಾನ್ ಎಂಬುದು ಗಣಕಯಂತ್ರಕ್ಕೆ ಆದೇಶಗಳನ್ನು ಬರೆದುಕೊಡುವ ಭಾಷೆಗಳಲ್ಲಿ ಒಂದು. ನೆದರ್ಲೆಂಡ್ಸ್ ದೇಶದ ಗಿಡೊ ವಾನ್ ರೋಸಮ್ ಎಂಬವರು ಇದನ್ನು ರಚಿಸಿ 1991ರಲ್ಲಿ ಮೊದಲು ಹೊರಗೆಡಹಿದರು. 2008ರಲ್ಲಿ ಹೊರಬಂದ ಇದರ ಮೂರನೆಯ ಆವೃತ್ತಿಯಿಂದ ಮೊದಲ್ಗೊಂಡು, ಲೆಕ್ಕದಲ್ಲಿ ಬರುವ ಮೊತ್ತಗಳಿಗೆ ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಅವಕಾಶವಿದೆ. ಈ ಭಾಷೆಯಲ್ಲಿ ಎರಡು ಓರೆಗೆರೆಗಳು ಪೂರ್ಣ ಭಾಗಲಬ್ಧವನ್ನೂ, ಶೇಕಡಾ ಚಿಹ್ನೆಯು ಶೇಷವನ್ನೂ ಸೂಚಿಸುವುವು. ಸಮಚಿಹ್ನೆಯ ಬಲಗಡೆಯ ಲೆಕ್ಕವನ್ನು ಮಾಡಿ, ಬಂದ ಉತ್ತರವನ್ನು ಎಡಗಡೆಯ ಹೆಸರಿನಲ್ಲಿ ಇಡಬೇಕೆಂಬುದು ಆದೇಶದ ಅರ್ಥ. ಮೇಲಣ ತೋಟದ ಲೆಕ್ಕವನ್ನು ಕೆಳಕಂಡಂತೆ ಬರೆಯಬಹುದು.

ಅಡ್ಡಸಾಲು = 18 - 1
ಕಂಬಸಾಲು = 10 - 1
ತಾಕಿನ_ಅಡ್ಡ = ಅಡ್ಡಸಾಲು // 6
ತಾಕಿನ_ಕಂಬ = ಕಂಬಸಾಲು // 6
ಒಳ_ಅಡ್ಡ = ಅಡ್ಡಸಾಲು % 6
ಒಳ_ಕಂಬ = ಕಂಬಸಾಲು % 6

ಈ ಆರು ಸಾಲುಗಳನ್ನು ಯಂತ್ರಕ್ಕೆ ಕೊಟ್ಟರೆ ತಾಕಿನ ಸ್ಥಾನವು 2 ಮತ್ತು 1 ಎಂದೂ, ತಾಕಿನೊಳಗಣ ಸ್ಥಾನವು 5 ಮತ್ತು 3 ಎಂದೂ ದೊರೆಯುವುದು. ಉತ್ತರವು ಸರಿಯೇ ಎಂದು ಪರೀಕ್ಷಿಸುವ ಮಾರ್ಗವೂ ಸುಲಭ. ತಾಕಿನ ಸಂಖ್ಯೆಯನ್ನು 6ರಿಂದ ಗುಣಿಸಿ ಒಳಸಂಖ್ಯೆಯನ್ನು ಕೂಡಿದರೆ ಮೂಲಸಂಖ್ಯೆಯು ಮರಳಿ ಬರಬೇಕು: 6 ಎರಡಲ 12, ಅದಕ್ಕೆ 5 ಕೂಡಿದರೆ 17. ಹೀಗೆ ಬಾರದಿದ್ದರೆ ಎಲ್ಲಿಯೋ ತಪ್ಪಾಗಿದೆಯೆಂದು ತಿಳಿಯತಕ್ಕದ್ದು.

ಮಣ್ಣು ಪರೀಕ್ಷೆಯಲ್ಲಿಯೂ ಇದೇ ಲೆಕ್ಕಕ್ಕೆ ಸ್ಥಾನವಿದೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ನೀರಾವರಿ ಜಮೀನಿಗೆ 2.5 ಹೆಕ್ಟೇರಿಗೊಂದು, ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೊಂದು ಮಾದರಿಯನ್ನು ತೆಗೆಯಬೇಕೆಂಬ ನಿಯಮವನ್ನಿಟ್ಟರು. 2.5 ಹೆಕ್ಟೇರೆಂದರೆ ಸುಮಾರು 6 ಎಕರೆ 7 ಗುಂಟೆ. ಸಮಚೌಕವಾಗಿ ಗೆರೆ ಎಳೆದಲ್ಲಿ ಚಿಕ್ಕ ಮನೆಯ ಬದಿಯು ಸುಮಾರು 158 ಮೀಟರು, ದೊಡ್ಡದರ ಬದಿಯು ಸುಮಾರು 316 ಮೀಟರು. ದೊಡ್ಡ ಮನೆಯೊಂದರಲ್ಲಿ ಚಿಕ್ಕ ಮನೆಗಳು ಸರಿಯಾಗಿ ನಾಲ್ಕು. ಸೊನ್ನೆಯಿಂದ ಎಣಿಸಿ 7 ಮತ್ತು 4ರ ಸ್ಥಾನದಲ್ಲಿರುವ ಚಿಕ್ಕ ಮನೆಯು ಯಾವ ದೊಡ್ಡ ಮನೆಗೆ ಸೇರಿತೆಂದು ತಿಳಿಯಲು ಎರಡರಿಂದ ಭಾಗಿಸಿದರೆ ಸಾಕು: ದೊಡ್ಡ ಮನೆಯು 3 ಮತ್ತು 2ರ ಸ್ಥಾನದ್ದು, ಅದರೊಳಗೆ ಶೇಷವು 1 ಮತ್ತು 0, ಎಂದರೆ ನೈಋತ್ಯದ ಕಾಲುಭಾಗ.

ಭೂಮಾಪನ ಇಲಾಖೆಯ ನಕ್ಷೆಗಳ ಸಂಖ್ಯೆ

ಈ ಪದ್ಧತಿಯು ಗಣಕಯಂತ್ರದಿಂದ ಹುಟ್ಟಿದುದಲ್ಲ. 1767ರಲ್ಲಿ ಸ್ಥಾಪಿತವಾದ ಸರ್ವೆ ಆಫ್ ಇಂಡಿಯಾ ಇಲಾಖೆಯವರ ಹಳೆಯ ಕ್ರಮದ ಭೂನಕ್ಷೆಗಳಲ್ಲಿ ಇದು ಸ್ಪಷ್ಟವಾಗಿ ಕಾಣುವುದು. ಆ ಕ್ರಮದಲ್ಲಿ ದೇಶವನ್ನು ಮೊದಲು 4 ಡಿಗ್ರಿ ಅಕ್ಷಾಂಶ, 4 ಡಿಗ್ರಿ ರೇಖಾಂಶದ ಹಾಳೆಗಳಾಗಿ ವಿಂಗಡಿಸಿ ಸಂಖ್ಯೆ ಕೊಟ್ಟಿದ್ದಾರೆ. 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ, 76ರಿಂದ 80 ಡಿಗ್ರಿ ಪೂರ್ವ ರೇಖಾಂಶದ ಹಾಳೆಗೆ 57ನೆಯ ಸಂಖ್ಯೆ. ಮೈಸೂರು, ಮಂಡ್ಯ, ಬೆಂಗಳೂರುಗಳು ಅದರಲ್ಲಿಯೇ ಬರುವುವು. ಶಿವಮೊಗ್ಗ, ಧಾರವಾಡಗಳು ಅದರ ಪಶ್ಚಿಮಕ್ಕಿರುವ 48ನೆಯ ಹಾಳೆಗೆ ಸೇರಿದುವು. ಪ್ರತಿಯೊಂದು ಹಾಳೆಯನ್ನೂ ಒಂದೊಂದು ಡಿಗ್ರಿಯ 16 ಮನೆಗಳಾಗಿ ಒಡೆದು, ಅವುಗಳಿಗೆ ಎ ಮೊದಲ್ಗೊಂಡು ಪಿ ವರೆಗೆ ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟಿದ್ದಾರೆ. ಅಂತಹ ಒಂದೊಂದು ಮನೆಯನ್ನೂ ಮತ್ತೆ 15 ನಿಮಿಷಗಳ 16 ಮನೆಗಳಾಗಿ ಒಡೆದು 1ರಿಂದ 16ರ ವರೆಗೆ ಸಂಖ್ಯೆ ಹಾಕಿದ್ದಾರೆ. ಮೈಲಿಗೆ ಒಂದು ಅಂಗುಲದ ಹಳೆಯ ನಕ್ಷೆಗಳೂ, ಅವುಗಳ ಸ್ಥಾನದಲ್ಲಿ ಬಂದ ಐವತ್ತು ಸಾವಿರಕ್ಕೆ ಒಂದರ ಪ್ರಮಾಣದ ನಕ್ಷೆಗಳೂ ಈ ಕೊನೆಯ ಮನೆಗೆ ಒಂದರಂತೆ ಅಚ್ಚಾದುವು. ಇಂತಹ ಮನೆಯು ದಕ್ಷಿಣ ಕರ್ನಾಟಕದಲ್ಲಿ ಪ್ರತಿ ಬದಿಗೂ ಸುಮಾರು 27 ಕಿಲೋಮೀಟರು.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕ ವಿಷಯವೊಂದುಂಟು. ಈ ಅಕ್ಷರಗಳೂ ಸಂಖ್ಯೆಗಳೂ ಪುಸ್ತಕವನ್ನು ಓದುವಂತೆ ಎಡದಿಂದ ಬಲಕ್ಕೆ ಸಾಗುವುದಿಲ್ಲ. ವಾಯವ್ಯ ಮೂಲೆಯಿಂದ ಹೊರಟು ಮೇಲಿನಿಂದ ಕೆಳಕ್ಕೆ ನಾಲ್ಕು ಮನೆಗಳನ್ನು ಇಳಿದು, ಆಮೇಲೆ ಪೂರ್ವಕ್ಕಿರುವ ಮುಂದಿನ ಕಂಬಸಾಲಿನ ತಲೆಗೆ ಏರುವುವು. ಆದುದರಿಂದ ಕಂಬಸಾಲಿನ ಸಂಖ್ಯೆಯನ್ನು 4ರಿಂದ ಗುಣಿಸಿ ಅಡ್ಡಸಾಲಿನ ಸಂಖ್ಯೆಯನ್ನು ಕೂಡಬೇಕು. ಅಡ್ಡಸಾಲನ್ನು ಗುಣಿಸಿ ಕಂಬಸಾಲನ್ನು ಕೂಡಬಾರದು.

ಮಂಡ್ಯ ಪಟ್ಟಣದ ಒಂದು ಸ್ಥಳವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಅಕ್ಷಾಂಶ 12.52 ಡಿಗ್ರಿ, ರೇಖಾಂಶ 76.90 ಡಿಗ್ರಿ. ಹಾಳೆಯ ಉತ್ತರದ ಅಂಚಾದ 16 ಡಿಗ್ರಿಯಿಂದ ಕೆಳಕ್ಕೆ 3.48 ಡಿಗ್ರಿ, ಎಂದರೆ 12528 ಸೆಕೆಂಡುಗಳು. ಪಶ್ಚಿಮದ ಅಂಚಾದ 76 ಡಿಗ್ರಿಯಿಂದ ಪೂರ್ವಕ್ಕೆ 0.90 ಡಿಗ್ರಿ, ಎಂದರೆ 3240 ಸೆಕೆಂಡುಗಳು. ಒಂದು ಡಿಗ್ರಿಗೆ 3600 ಸೆಕೆಂಡು. 15 ನಿಮಿಷಕ್ಕೆ 900 ಸೆಕೆಂಡು.

ಮೊದಲನೆಯ ಹಂತ: 12528ನ್ನು 3600ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 1728. 3240ನ್ನು ಭಾಗಿಸಿದರೆ ಭಾಗಲಬ್ಧ 0, ಶೇಷ 3240. 0ಯನ್ನು 4ರಿಂದ ಗುಣಿಸಿ 3ನ್ನು ಕೂಡಿದರೆ 3. ಎ ಎಂಬುದನ್ನು ಸೊನ್ನೆಯೆಂದು ಎಣಿಸಿದರೆ ಅಕ್ಷರವು ಡಿ.

ಎರಡನೆಯ ಹಂತ: ಶೇಷವಾದ 1728ನ್ನು 900ರಿಂದ ಭಾಗಿಸಿದರೆ 1, 3240ನ್ನು ಭಾಗಿಸಿದರೆ 3. 3ನ್ನು 4ರಿಂದ ಗುಣಿಸಿ 1ನ್ನು ಕೂಡಿದರೆ 13. ಇಲ್ಲಿ ಸಂಖ್ಯೆಗಳು ಒಂದರಿಂದ ಆರಂಭವಾಗುವುದರಿಂದ ಒಂದನ್ನು ಸೇರಿಸಿದರೆ 14. ಆದುದರಿಂದ ಮಂಡ್ಯದ ನಕ್ಷೆಯು 57 ಡಿ/14.

ಕ್ರಮವನ್ನು ತಪ್ಪಾಗಿ ತಿಳಿದು ಎರಡನೆಯ ಹಂತದಲ್ಲಿ ಅಡ್ಡಸಾಲನ್ನು ಗುಣಿಸಿದರೆ 1ನ್ನು 4ರಿಂದ ಗುಣಿಸಿ 3ನ್ನೂ 1ನ್ನೂ ಕೂಡಿದಂತಾಗಿ 8 ಎಂದು ಬರುವುದು. 57 ಡಿ/8 ಎಂಬ ನಕ್ಷೆಯೂ ಇದೆ. ಆದರೆ ಅದು ಹೆಗ್ಗಡದೇವನಕೋಟೆಯ ಕಡೆಯದು. ಮಂಡ್ಯದ ನಾಲೆಯನ್ನು ನೋಡಲು ಹೊರಟವರ ಕೈಗೆ ಕಬಿನಿಯ ಕಡೆಯ ಕಾಡಿನ ನಕ್ಷೆ ಬರುವುದು. ಯಂತ್ರವು ಈ ತಪ್ಪನ್ನು ತೋರಿಸಿಕೊಡಲಾರದು. ಏಕೆಂದರೆ ಅದರ ದೃಷ್ಟಿಯಲ್ಲಿ 8 ಮತ್ತು 14 ಎರಡೂ ನ್ಯಾಯವಾದ ಸಂಖ್ಯೆಗಳೇ.

2005ರ ರಾಷ್ಟ್ರೀಯ ನಕ್ಷೆ ನೀತಿಯ ತರುವಾಯ ಸಾರ್ವಜನಿಕರಿಗಾಗಿ ಹೊರಡುವ ಮುಕ್ತ ಶ್ರೇಣಿಯ ನಕ್ಷೆಗಳಿಗೆ ಬೇರೆ ರೀತಿಯ ಸಂಖ್ಯೆಗಳನ್ನು ಕೊಟ್ಟಿದ್ದಾರೆ. ಆದುದರಿಂದ ನಕ್ಷೆಯನ್ನು ಕೇಳುವಾಗ ಯಾವ ಶ್ರೇಣಿಯ ಸಂಖ್ಯೆಯೆಂಬುದನ್ನು ಸ್ಪಷ್ಟಪಡಿಸತಕ್ಕದ್ದು.

ಅಂಚೆ ಇಲಾಖೆಯ ಡಿಜಿಪಿನ್

ಇದೇ ತತ್ತ್ವದ ಹೊಸ ರೂಪವೇ ಡಿಜಿಪಿನ್. ಭಾರತದ ಅಂಚೆ ಇಲಾಖೆಯವರು ಹೈದರಾಬಾದಿನ ಐಐಟಿ ಮತ್ತು ಇಸ್ರೋ ಸಂಸ್ಥೆಯ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಸಹಕಾರದಿಂದ ಇದನ್ನು ರೂಪಿಸಿ, 2025ರ ಮೇ ತಿಂಗಳಲ್ಲಿ ಸಾರ್ವಜನಿಕರ ಬಳಕೆಗೆ ತಂದರು. ಬಾಗಿಲ ಸಂಖ್ಯೆಯೂ ಬೀದಿಯ ಹೆಸರೂ ಇಲ್ಲದ ತೋಟದ ಮನೆಗೆ, ಪಂಪಿನ ಮನೆಗೆ, ಕಣಕ್ಕೆ ಸಹ ಇದರಿಂದ ಹತ್ತು ಚಿಹ್ನೆಗಳ ಗುರುತು ದೊರೆಯುವುದು.

ಇದರಲ್ಲಿ 2.5ರಿಂದ 38.5 ಡಿಗ್ರಿ ಉತ್ತರ ಅಕ್ಷಾಂಶ, 63.5ರಿಂದ 99.5 ಡಿಗ್ರಿ ಪೂರ್ವ ರೇಖಾಂಶದ ವರೆಗಿನ 36 ಡಿಗ್ರಿಯ ಒಂದು ಮಹಾಚೌಕವನ್ನು ಕಲ್ಪಿಸಿದ್ದಾರೆ. ಅದನ್ನು ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕಾಗಿ 16 ಮನೆ ಮಾಡುವುದು. ಪ್ರತಿ ಮನೆಯನ್ನೂ ಮತ್ತೆ 16 ಮಾಡುವುದು. ಹೀಗೆ ಹತ್ತು ಸಲ. ಪ್ರತಿ ಹಂತದಲ್ಲಿಯೂ ಮನೆಗಳ ಹೆಸರುಗಳು ಇವು. ಮೇಲಿನ ಸಾಲು ಉತ್ತರ, ಎಡಗಡೆ ಪಶ್ಚಿಮ.

ಎಫ್ – ಸಿ – 9 – 8
ಜೆ – 3 – 2 – 7
ಕೆ – 4 – 5 – 6
ಎಲ್ – ಎಂ – ಪಿ – ಟಿ

ಇಲ್ಲಿ ಮೇಲಿನಿಂದ ಕೆಳಕ್ಕೂ ಇಲ್ಲ, ಎಡದಿಂದ ಬಲಕ್ಕೂ ಇಲ್ಲ. 2ರಿಂದ ಹೊರಟು ಸುರುಳಿಯಾಗಿ ಹೊರಕ್ಕೆ ಸುತ್ತುವ ಕ್ರಮ. ಆದುದರಿಂದ ಗುಣಿಸಿ ಕೂಡಿ ಹೆಸರನ್ನು ಕಂಡುಹಿಡಿಯಲಾಗದು. ಅಡ್ಡಸಾಲು ಕಂಬಸಾಲುಗಳನ್ನು ತಿಳಿದು ಕೋಷ್ಟಕದಲ್ಲಿಯೇ ನೋಡಬೇಕು.

ಮಂಡ್ಯದ ಅದೇ ಸ್ಥಳವು ಮಹಾಚೌಕದ ಉತ್ತರದ ಅಂಚಿನಿಂದ 38.5ರಲ್ಲಿ 12.52 ಕಳೆದು 25.98 ಡಿಗ್ರಿ ಕೆಳಗಿದೆ. ಪಶ್ಚಿಮದ ಅಂಚಿನಿಂದ 76.90ರಲ್ಲಿ 63.5 ಕಳೆದು 13.40 ಡಿಗ್ರಿ ಪೂರ್ವಕ್ಕಿದೆ.

ಹಂತ 1, ಮನೆಯ ಅಳತೆ 9 ಡಿಗ್ರಿ: 25.98ರಲ್ಲಿ ಭಾಗಲಬ್ಧ 2, ಶೇಷ 7.98. 13.40ರಲ್ಲಿ ಭಾಗಲಬ್ಧ 1, ಶೇಷ 4.40. ಸೊನ್ನೆಯಿಂದ ಎಣಿಸಿ ಅಡ್ಡಸಾಲು 2, ಕಂಬಸಾಲು 1, ಚಿಹ್ನೆ 4.

ಹಂತ 2, ಮನೆಯ ಅಳತೆ 2.25 ಡಿಗ್ರಿ: 7.98ರಲ್ಲಿ ಭಾಗಲಬ್ಧ 3, ಶೇಷ 1.23. 4.40ರಲ್ಲಿ ಭಾಗಲಬ್ಧ 1, ಶೇಷ 2.15. ಚಿಹ್ನೆ ಎಂ.

ಹಂತ 3, ಮನೆಯ ಅಳತೆ 0.5625 ಡಿಗ್ರಿ: 1.23ರಲ್ಲಿ ಭಾಗಲಬ್ಧ 2, ಶೇಷ 0.105. 2.15ರಲ್ಲಿ ಭಾಗಲಬ್ಧ 3, ಶೇಷ 0.4625. ಚಿಹ್ನೆ 6.

ಹೀಗೆಯೇ ಹತ್ತು ಹಂತಗಳನ್ನು ಮುಗಿಸಿದರೆ ದೊರೆಯುವ ಗುರುತು: 4 ಎಂ 6 – 8 4 ಎಲ್ – ಪಿ ಎಂ 8 6. ಪೈಥಾನಿನಲ್ಲಿ ಹತ್ತು ಸಲ ಬೇರೆ ಬೇರೆಯಾಗಿ ಬರೆಯುವ ಅವಶ್ಯಕತೆಯಿಲ್ಲ. ಕೆಳಗಣ ಐದು ಆದೇಶಗಳನ್ನು ಹತ್ತು ಸಲ ಪುನರಾವರ್ತಿಸಬೇಕೆಂದು ಹೇಳಿ, ಪ್ರತಿ ಸಲವೂ ಕೋಷ್ಟಕದಿಂದ ಒಂದು ಚಿಹ್ನೆಯನ್ನು ತೆಗೆದು ಸಾಲಾಗಿ ಜೋಡಿಸಬೇಕೆಂದರೆ ಸಾಕು. ಮೊದಲಿಗೆ ಅಳತೆಯು 9. ಇಳಿತ ಮತ್ತು ಸರಿತಗಳು ಮೇಲೆ ಹೇಳಿದ 25.98 ಮತ್ತು 13.40.

ಅಡ್ಡ = ಇಳಿತ // ಅಳತೆ
ಕಂಬ = ಸರಿತ // ಅಳತೆ
ಇಳಿತ = ಇಳಿತ % ಅಳತೆ
ಸರಿತ = ಸರಿತ % ಅಳತೆ
ಅಳತೆ = ಅಳತೆ / 4

ದಶಮಾಂಶವುಳ್ಳ ಸಂಖ್ಯೆಯನ್ನು ಭಾಗಿಸಿದಾಗ ಪೈಥಾನ್ ಭಾಷೆಯು ಭಾಗಲಬ್ಧವನ್ನು 2 ಎನ್ನದೆ 2.0 ಎಂದು ಕೊಡುವುದು. ಕೋಷ್ಟಕದಲ್ಲಿ ಹುಡುಕುವ ಮುನ್ನ ಅದನ್ನು ಪೂರ್ಣಾಂಕವಾಗಿ ಮಾಡಿಕೊಳ್ಳತಕ್ಕದ್ದು.

ಹಂತಹಂತಕ್ಕೂ ಮನೆಯು ಕಿರಿದಾಗುತ್ತ ಬರುವುದು. ಮೂರು ಚಿಹ್ನೆಗಳು ಸುಮಾರು 62 ಕಿಲೋಮೀಟರಿನ ಪ್ರದೇಶವನ್ನೂ, ಆರು ಚಿಹ್ನೆಗಳು ಸುಮಾರು ಒಂದು ಕಿಲೋಮೀಟರನ್ನೂ, ಎಂಟು ಚಿಹ್ನೆಗಳು ಸುಮಾರು 61 ಮೀಟರನ್ನೂ, ಹತ್ತೂ ಚಿಹ್ನೆಗಳು ಸುಮಾರು 3.8 ಮೀಟರನ್ನೂ ತೋರಿಸುವುವು. ಆದುದರಿಂದ ಮೊದಲ ಚಿಹ್ನೆಗಳಲ್ಲಿ ತಪ್ಪಿದರೆ ಅನರ್ಥವು ಬಹು ದೊಡ್ಡದು. ಕೊನೆಯದರಲ್ಲಿ ತಪ್ಪಿದರೆ ಕೆಲವು ಮಾರುಗಳಷ್ಟು ಮಾತ್ರ. ಕರ್ನಾಟಕವೆಲ್ಲವೂ 11.5ರಿಂದ 20.5 ಡಿಗ್ರಿ ಅಕ್ಷಾಂಶ, 72.5ರಿಂದ 81.5 ಡಿಗ್ರಿ ರೇಖಾಂಶದ ಒಂದೇ ಮನೆಯಲ್ಲಿ ಅಡಗಿರುವುದರಿಂದ, ಈ ರಾಜ್ಯದ ಯಾವ ಜಮೀನಿನ ಡಿಜಿಪಿನ್ನಾದರೂ 4 ಎಂಬ ಅಂಕೆಯಿಂದಲೇ ಆರಂಭವಾಗಬೇಕು. ಬೇರೆ ಚಿಹ್ನೆಯಿಂದ ಆರಂಭವಾಗುವ ಸಂಖ್ಯೆಯು ಕೈಗೆ ಬಂದರೆ ಅದನ್ನು ಒಡನೆಯೇ ಹಿಂದಿರುಗಿಸಿ ತಿದ್ದಿಸಿಕೊಳ್ಳಬಹುದು. ಇದಕ್ಕೆ ಯಂತ್ರದ ಸಹಾಯವೇನೂ ಬೇಕಿಲ್ಲ.

ಯಂತ್ರದ ಲೆಕ್ಕದಲ್ಲಿ ಎಚ್ಚರವಿರಬೇಕಾದ ಎರಡು ಸ್ಥಳಗಳು

(1) ದಶಮಾಂಶ. ಗಣಕಯಂತ್ರವು ಸಂಖ್ಯೆಗಳನ್ನು ಎರಡರ ಮಡಿಗಳಲ್ಲಿ ಬರೆದುಕೊಳ್ಳುವುದರಿಂದ 0.1, 0.3 ಮುಂತಾದ ಭಿನ್ನಗಳು ಅದರಲ್ಲಿ ಸರಿಯಾಗಿ ಅಡಗಲಾರವು; ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗುವುವು. ಪೈಥಾನಿನಲ್ಲಿ 0.3 // 0.1 ಎಂದು ಬರೆದರೆ 3 ಬರುವುದರ ಬದಲು 2.0 ಬರುವುದು. ಮನೆಗಳ ಗಡಿಯ ಮೇಲೆಯೇ ಬಿದ್ದಿರುವ ಸ್ಥಳವು ಇಂತಹ ಸಂದರ್ಭದಲ್ಲಿ ಪಕ್ಕದ ಮನೆಗೆ ಜಾರುವ ಸಂಭವವುಂಟು. ನಕ್ಷೆಯ ಲೆಕ್ಕದಲ್ಲಿ ಡಿಗ್ರಿಗಳನ್ನು ಬಿಟ್ಟು ಪೂರ್ಣ ಸೆಕೆಂಡುಗಳನ್ನು ಮೇಲೆ ಬಳಸಿದುದು ಈ ಕಾರಣದಿಂದಲೇ. ಎಕರೆಯನ್ನು ದಶಮಾಂಶದಲ್ಲಿ ಬರೆಯದೆ ಗುಂಟೆ ಆಣೆಗಳಲ್ಲಿ ಬರೆದರೆ ಲೆಕ್ಕ ಹೇಗೆ ಚೊಕ್ಕಟವಾಗಿರುವುದೋ ಇದೂ ಹಾಗೆಯೇ. ಗಡಿಯ ಸ್ಥಳಗಳು ಅಪರೂಪವಲ್ಲ. ಧಾರವಾಡವು 75 ಡಿಗ್ರಿ ರೇಖಾಂಶಕ್ಕೆ ಅತಿ ಸಮೀಪವಾಗಿ ಪೂರ್ವದಲ್ಲಿರುವುದರಿಂದ ಅದರ ಪಶ್ಚಿಮದ ಜಮೀನುಗಳು ಬೇರೆ ಅಕ್ಷರದ ನಕ್ಷೆಗೆ ಸೇರುವುವು.

(2) ಎಲ್ಲೆಯ ಹೊರಗಣ ಸ್ಥಳ. ಪೈಥಾನ್ ಭಾಷೆಯಲ್ಲಿ ಋಣಸಂಖ್ಯೆಯ ಭಾಗಾಕಾರವು ಯಾವಾಗಲೂ ಕೆಳಮುಖವಾಗಿ ನಡೆಯುವುದು. -1ನ್ನು 6ರಿಂದ ಭಾಗಿಸಿದರೆ ಭಾಗಲಬ್ಧ -1, ಶೇಷ 5. ಎಂದರೆ ತೋಟದ ಬೇಲಿಯಾಚೆಯ ಮರವೂ ತಾಕಿನೊಳಗಣ ಕೊನೆಯ ಸಾಲಿನ ಮರದಂತೆ ತೋರುವುದು. ಇಷ್ಟಲ್ಲದೆ, ಪಟ್ಟಿಯಲ್ಲಿ -1ನೆಯ ಸ್ಥಾನವನ್ನು ಕೇಳಿದರೆ ಈ ಭಾಷೆಯು ತಪ್ಪೆನ್ನದೆ ಪಟ್ಟಿಯ ಕಟ್ಟಕಡೆಯದನ್ನು ಕೊಡುವುದು. 40 ಡಿಗ್ರಿ ಅಕ್ಷಾಂಶದ ಸ್ಥಳವೊಂದನ್ನು ಪರೀಕ್ಷಿಸದೆ ಡಿಜಿಪಿನ್ನಿನ ಲೆಕ್ಕಕ್ಕೆ ಹಾಕಿದಲ್ಲಿ, ಮಹಾಚೌಕದ ಉತ್ತರಕ್ಕಿರುವ ಆ ಸ್ಥಳಕ್ಕೆ ದಕ್ಷಿಣದ ಸಾಲಿನ ಅಕ್ಷರವು ದೊರೆಯುವುದು. ಆದುದರಿಂದ ಸ್ಥಳವು ಚೌಕದ ಒಳಗಿದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಲೆಕ್ಕವನ್ನೇ ನಿಲ್ಲಿಸಬೇಕೆಂದು ಯಂತ್ರಕ್ಕೆ ಆದೇಶ ಬರೆಯುವುದು ಅವಶ್ಯಕ.

ಈ ಗುರುತುಗಳ ಮಿತಿ

ಕೈಯಲ್ಲಿ ಹಿಡಿಯುವ ಮೊಬೈಲ್ ಯಂತ್ರವು ಬಯಲಿನಲ್ಲಿ ಸ್ಥಳವನ್ನು ಸುಮಾರು 5 ಮೀಟರಿನೊಳಗೆ ಹೇಳಬಲ್ಲುದು. ದಟ್ಟವಾದ ಅಡಕೆ ತೋಟದಲ್ಲಿಯೂ ಗೋಡೆಗಳ ಮಧ್ಯದಲ್ಲಿಯೂ ಅಷ್ಟು ನಿಖರತೆ ಇರದು. ಡಿಜಿಪಿನ್ನಿನ ಕೊನೆಯ ಮನೆಯು 3.8 ಮೀಟರು ಮಾತ್ರ. ಆದುದರಿಂದ ಒಂದೇ ಬಾವಿಯ ಬಳಿ ನಿಂತ ಇಬ್ಬರಿಗೆ ಕೊನೆಯ ಚಿಹ್ನೆಯು ಬೇರೆ ಬೇರೆಯಾಗಿ ಬಂದರೆ ಆಶ್ಚರ್ಯಪಡಬೇಕಾದುದಿಲ್ಲ. ಒಬ್ಬರು ಸುಳ್ಳು ಹೇಳಿದರೆಂದು ಭಾವಿಸಲೂಬಾರದು. ಬದುವಿನ ವಿಷಯದಲ್ಲಿ ವ್ಯಾಜ್ಯವಿದ್ದರೆ ಇಂತಹ ಗುರುತನ್ನು ಆಧಾರವಾಗಿಟ್ಟುಕೊಂಡು ಕಲ್ಲನ್ನು ಕಿತ್ತು ನೆಡುವುದು ತೀರ ಅವಿವೇಕ. ಈ ಗುರುತು ಸ್ಥಳವನ್ನು ಹೇಳುವುದೇ ಹೊರತು ಸ್ವತ್ತನ್ನು ಹೇಳುವುದಿಲ್ಲ. ಹಕ್ಕಿಗೆ ಸರ್ವೆ ದಾಖಲೆಗಳೂ, ಹದ್ದುಬಸ್ತಿಗೆ ಭೂಮಾಪಕರ ಅಳತೆಯೂ ಮುಂಚಿನಂತೆಯೇ ಆಧಾರ.

ಇಷ್ಟಾದರೂ ಇದರ ಪ್ರಯೋಜನವು ಸ್ವಲ್ಪವಲ್ಲ. ರಾತ್ರಿ ಹೊತ್ತು ತೋಟದ ಮನೆಯಲ್ಲಿ ಹಾವು ಕಚ್ಚಿದವರಿಗಾಗಿ ಗಾಡಿ ಬರಬೇಕಾದಾಗ, ಹಳ್ಳಿಯ ಹೆಸರಿಗಿಂತ ಹತ್ತು ಚಿಹ್ನೆಗಳ ಗುರುತು ಹೆಚ್ಚು ಉಪಕಾರಿ. ಆದರೆ ಅದು ಸರಿಯಾಗಿದ್ದರೆ ಮಾತ್ರ. ಆದುದರಿಂದ ಪ್ರತಿಯೊಬ್ಬ ಹಿಡುವಳಿದಾರನೂ ತನ್ನ ಬಾವಿಗೂ ತೋಟದ ಮನೆಗೂ ದೊರೆತ ಗುರುತನ್ನು ಬಿಡುವಿನಲ್ಲಿ ಒಂದು ಸಲ ಕೈಲೆಕ್ಕದಿಂದ ಮೊದಲ ಮೂರು ಹಂತಗಳವರೆಗಾದರೂ ಪರೀಕ್ಷಿಸಿ, ಗೋಡೆಯ ಮೇಲೆ ಬರೆಸಿಡುವುದು ಯುಕ್ತ.

ಮುಖ್ಯಾಂಶಗಳು

(1) ಭಾಗಲಬ್ಧವು ಹೊರಗಣ ಮನೆಯನ್ನೂ ಶೇಷವು ಅದರೊಳಗಣ ಸ್ಥಾನವನ್ನೂ ಹೇಳುವುದು. ಶೇಷವನ್ನೇ ಮುಂದಿನ ಹಂತಕ್ಕೆ ಒಯ್ಯಬೇಕು.

(2) ಒಂದರಿಂದ ಎಣಿಸಿದ ಸಂಖ್ಯೆಯಾದರೆ ಭಾಗಿಸುವ ಮುನ್ನ ಒಂದನ್ನು ಕಳೆಯಬೇಕು. ಕೊನೆಯಲ್ಲಿ ಹೇಳುವಾಗ ಒಂದನ್ನು ಸೇರಿಸಬೇಕು.

(3) ಅಳತೆಯು ಉತ್ತರದಿಂದಲೋ ದಕ್ಷಿಣದಿಂದಲೋ ಎಂಬುದನ್ನೂ, ಮನೆಗಳ ಹೆಸರುಗಳು ಕೆಳಕ್ಕೆ ಇಳಿಯುವುವೋ, ಬಲಕ್ಕೆ ಸಾಗುವುವೋ, ಸುತ್ತಿ ಬರುವುವೋ ಎಂಬುದನ್ನೂ ಮೊದಲೇ ತಿಳಿದಿರಬೇಕು.

(4) ಸಾಧ್ಯವಾದಲ್ಲೆಲ್ಲ ಪೂರ್ಣಾಂಕಗಳಲ್ಲಿ ಲೆಕ್ಕ ಮಾಡಬೇಕು. ಸ್ಥಳವು ಎಲ್ಲೆಯ ಒಳಗಿದೆಯೇ ಎಂದು ಮೊದಲು ನೋಡಬೇಕು.

(5) ಬಂದ ಉತ್ತರವನ್ನು ಗುಣಿಸಿ ಕೂಡಿ ಮೂಲಕ್ಕೆ ಮರಳಿಸಿ ಪರೀಕ್ಷಿಸದೆ ಯಾವ ಕಾಗದದ ಮೇಲೂ ಬರೆಯಬಾರದು.